ಭೂಕಂಪ ಆಗುತ್ತದೆಂದು ಹೇಳದ ವಿಜ್ಞಾನಿಗಳಿಗೆ ಜೈಲಾಯಿತೇ? ಇಟಲಿಯ ಆ ಮೊಕದ್ದಮೆಯ ನಿಜವೇನು?

ಪ್ರಶ್ನೆ: ಬೆಟ್ಟದಬದಿ

ನಾನು ಸಿವಿಲ್ ಇಂಜಿನಿಯರ್. ಮಡಿಕೇರಿಯ ಆಸುಪಾಸಿನಲ್ಲಿ ಮನೆ, ಹೋಂಸ್ಟೇ ಕಟ್ಟುವವರ ಜಾಗ ನೋಡಿ ವರದಿ ಬರೆದುಕೊಡುವುದು ನನ್ನ ಕೆಲಸದಲ್ಲಿ ಒಂದು ಪಾಲು. 2018ರ ಆಗಸ್ಟ್ ಮಳೆಯಲ್ಲಿ ಗುಡ್ಡಗಳು ಜರಿದ ಮೇಲೆ ಇಂಥ ವರದಿ ಕೇಳಿಕೊಂಡು ಬರುವವರು ಹೆಚ್ಚಾದರು. ಸಾಲ ಕೊಡುವವರಿಗೆ ಬೇಕು, ಜಾಗ ಕೊಳ್ಳುವವರಿಗೆ ಬೇಕು, ಪಕ್ಕದವರ ತಕರಾರಿಗೆ ಉತ್ತರ ಕೊಡಲೂ ಬೇಕು. ಮೊದಲ ಹತ್ತು ಪುಟಗಳನ್ನು ಯಾರೂ ಓದುವುದಿಲ್ಲ. ಕೊನೆಯ ಸಾಲಿಗೆ ನೇರವಾಗಿ ಹೋಗುತ್ತಾರೆ: ಜಾಗ ಸುರಕ್ಷಿತವೋ ಅಲ್ಲವೋ.

ಆ ಸಾಲು ಬರೆಯುವಾಗಲೇ ಕೈ ತಡೆಯುತ್ತದೆ. ಎರಡು ಕಡೆ ಕೊರೆಸಿ ಮಣ್ಣು ನೋಡಿರುತ್ತೇನೆ, ಮೂರನೆಯ ಕಡೆ ಏನಿದೆಯೋ ತಿಳಿಯದು. ಮೇಲಿನ ತೋಟದವರು ನಾಳೆ ರಸ್ತೆಗೆಂದು ಬರೆ (ಗುಡ್ಡದ ಕಡಿದಾದ ಮಣ್ಣಿನ ಬದಿ) ಕಡಿದರೆ, ಚರಂಡಿ ಮುಚ್ಚಿ ನೀರನ್ನು ಈ ಕಡೆಗೆ ತಿರುಗಿಸಿದರೆ ನನ್ನ ಲೆಕ್ಕವೆಲ್ಲ ಬುಡಮೇಲಾಗುತ್ತದೆ. ಮೂರು ದಿನದಲ್ಲಿ ಎಷ್ಟು ಮಳೆ ಸುರಿದರೆ ಯಾವ ಇಳಿಜಾರು ಜಾರುತ್ತದೆ ಎಂದು ಎದೆತಟ್ಟಿ ಹೇಳುವ ವಿಜ್ಞಾನ ನನ್ನ ಬಳಿಯಂತೂ ಇಲ್ಲ.

ಮೊನ್ನೆ ಗ್ರಾಹಕರೊಬ್ಬರ ಜೊತೆ ಬಂದಿದ್ದ ವಕೀಲರು, "ಇಟಲಿಯಲ್ಲಿ ಭೂಕಂಪ ಆಗುತ್ತದೆಂದು ಮೊದಲೇ ಹೇಳಲಿಲ್ಲವೆಂದು ಆರು ಮಂದಿ ವಿಜ್ಞಾನಿಗಳನ್ನು ಜೈಲಿಗೆ ಹಾಕಿದ್ದಾರೆ, ಹುಷಾರು ಮೇಡಂ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಆ ಮೊಕದ್ದಮೆಯಲ್ಲಿ ಏನಾಯಿತೆಂದು ಬಲ್ಲವರು ಯಾರಾದರೂ ಇದ್ದೀರಾ? ವಿಜ್ಞಾನಿಗಳಿಗೇ ಖಚಿತವಿಲ್ಲದ ವಿಷಯದಲ್ಲಿ ನ್ಯಾಯಾಧೀಶರು ಯಾವುದನ್ನು ಹಿಡಿದು ತೀರ್ಪು ಕೊಡುತ್ತಾರೆ? ನಮ್ಮಲ್ಲಿ ಇದರ ಗತಿಯೇನು?

ಉತ್ತರ: ಕರಿಕೋಟು

ಮೇಡಂ, ನಾನು ಶಿವಮೊಗ್ಗದಲ್ಲಿ ವಕೀಲಿ ಮಾಡಿ ನಿವೃತ್ತನಾದವನು. ನಿಮಗೆ ಹೆದರಿಕೆ ಹುಟ್ಟಿಸಿದ ವಕೀಲರ ಮಾತಿನಲ್ಲಿ ಸರಿಯಿರುವುದು ಇಟಲಿ ಮತ್ತು ಆರು, ಇವೆರಡೇ. ಆ ಪ್ರಕರಣದಲ್ಲಿ ಯಾರೂ ಜೈಲು ಸೇರಲಿಲ್ಲ. ಭೂಕಂಪವನ್ನು ಮುಂಚಿತವಾಗಿ ಹೇಳಲಿಲ್ಲವೆಂಬುದು ಆರೋಪವೂ ಆಗಿರಲಿಲ್ಲ. ಪತ್ರಿಕೆಗಳ ತಲೆಬರಹ ಓದಿ ಕಾನೂನು ಕಲಿಯುವ ರೋಗ ನಮ್ಮ ಬಾರ್ ರೂಮುಗಳಲ್ಲಿ ಹಿಂದೆಯೂ ಇತ್ತು, ಈಗಲೂ ಇದೆ.

ಊರು ಲಾಕ್ವಿಲಾ, ಅಬ್ರುಝೊ ಪ್ರಾಂತ್ಯದ ಮುಖ್ಯ ಪಟ್ಟಣ. ಅಲ್ಲಿ ಭೂಕಂಪ ಹೊಸತಲ್ಲ. 1349, 1461, 1703 ಹೀಗೆ ಶತಮಾನಗಳ ಉದ್ದಕ್ಕೂ ಪೆಟ್ಟು ತಿಂದ ಊರು. 2009ರ ಮೊದಲ ತಿಂಗಳುಗಳಲ್ಲಿ ಸಣ್ಣ ಸಣ್ಣ ಕಂಪನಗಳು ಬಿಡದೆ ಬರುತ್ತಿದ್ದವು. ಅದೇ ಹೊತ್ತಿಗೆ ಒಂದು ಪ್ರಯೋಗಾಲಯದ ತಂತ್ರಜ್ಞ ಜಂಪಾವೊಲೊ ಜೂಲಿಯಾನಿ ಎಂಬುವರು ನೆಲದಿಂದ ಹೊಮ್ಮುವ ರೇಡಾನ್ ಅನಿಲವನ್ನು ಅಳೆದು ದೊಡ್ಡ ಭೂಕಂಪ ಬರುತ್ತದೆ ಎಂದು ಹೇಳತೊಡಗಿದ್ದರು. ಅವರ ಎಚ್ಚರಿಕೆಯಿಂದ ಸುಲ್ಮೋನಾ ಎಂಬ ಊರಿನ ಜನ ಗಾಬರಿಯಾದರು. ಅಲ್ಲಿ ಏನೂ ಆಗಲಿಲ್ಲ, ಗಾಬರಿ ಹಬ್ಬಿಸಿದರೆಂದು ಜೂಲಿಯಾನಿ ಮೇಲೆ ದೂರು ಬಿತ್ತು. ಮಾರ್ಚ್ 30ರಂದು ಲಾಕ್ವಿಲಾದಲ್ಲಿ 4ನ್ನು ಮೀರಿದ ತೀವ್ರತೆಯ ಒಂದು ಕಂಪನ. ಜನರ ತಾಳ್ಮೆ ಕೆಟ್ಟಿತು.

ಮರುದಿನ, ಮಾರ್ಚ್ 31ರಂದು, ಸರ್ಕಾರಕ್ಕೆ ಸಲಹೆ ಕೊಡುವ ಮಹಾ ಅಪಾಯಗಳ ಆಯೋಗದ ತಜ್ಞರನ್ನು ಲಾಕ್ವಿಲಾಕ್ಕೇ ಕರೆಸಲಾಯಿತು. ಸಭೆ ನಡೆದದ್ದು ಸುಮಾರು ಒಂದು ಗಂಟೆ. ಭೂಕಂಪ ಸಂಸ್ಥೆಯ ಅಧ್ಯಕ್ಷ ಎಂಝೊ ಬೋಸ್ಕಿ, 1703ರಂಥ ದೊಡ್ಡ ಭೂಕಂಪ ಸದ್ಯದಲ್ಲಿ ಬರುವ ಸಂಭವ ಕಡಿಮೆ, ಆದರೆ ಬರುವುದೇ ಇಲ್ಲ ಎನ್ನಲಾಗದು ಎಂಬರ್ಥದ ಮಾತು ಹೇಳಿದ್ದು ನಡಾವಳಿಯಲ್ಲಿದೆ. ವಿಜ್ಞಾನದ ದೃಷ್ಟಿಯಿಂದ ಅದರಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ನಾಗರಿಕ ರಕ್ಷಣಾ ಇಲಾಖೆಯ ಉಪಮುಖ್ಯಸ್ಥ ಬೆರ್ನಾರ್ಡೊ ದೆ ಬೆರ್ನಾರ್ದಿನಿಸ್ ಸಭೆಗೆ ಮುಂಚೆಯೇ ಟಿ.ವಿ.ಯವರಿಗೆ ಸಂದರ್ಶನ ಕೊಟ್ಟಿದ್ದರು. ಸಣ್ಣ ಕಂಪನಗಳಿಂದ ಶಕ್ತಿ ಬಿಡುಗಡೆಯಾಗುತ್ತಲೇ ಇರುವುದರಿಂದ ಪರಿಸ್ಥಿತಿ ಒಳ್ಳೆಯದೇ, ಅಪಾಯವಿಲ್ಲವೆಂದು ವಿಜ್ಞಾನಿಗಳು ಹೇಳುತ್ತಿದ್ದಾರೆ ಎಂದರು. ಹಾಗಾದರೆ ಒಂದು ಲೋಟ ವೈನ್ ಕುಡಿದು ನಿಶ್ಚಿಂತೆಯಾಗಿರೋಣವೇ ಎಂದು ಪತ್ರಕರ್ತ ಕೇಳಿದರೆ, ಖಂಡಿತ ಎಂದು ವೈನಿನ ಹೆಸರನ್ನೂ ಹೇಳಿದರು: ಮೊಂಟೆಪುಲ್ಚಾನೊ. ವಿಚಾರಣೆಯ ಉದ್ದಕ್ಕೂ ಆ ವೈನ್ ಅವರ ಬೆನ್ನು ಬಿಡಲಿಲ್ಲ.

ಏಪ್ರಿಲ್ 6, ಬೆಳಗಿನ ಜಾವ 3 ಗಂಟೆ 32 ನಿಮಿಷ. 309 ಜನ ಸತ್ತರು.

ಇನ್ನು ಕಾನೂನಿನ ಗಂಟು ಬಿಚ್ಚುತ್ತೇನೆ. ಆ ಊರಿನವರಿಗೆ ತಲೆಮಾರುಗಳಿಂದ ಬಂದ ಒಂದು ರೂಢಿಯಿತ್ತು. ನೆಲ ಅಲುಗಿತೆಂದರೆ ಮನೆಯವರೆಲ್ಲ ಹೊದಿಕೆ ಹಿಡಿದು ಹೊರಗೆ ಬಂದು ಬಯಲಿನಲ್ಲೋ ಕಾರಿನಲ್ಲೋ ರಾತ್ರಿ ಕಳೆಯುವುದು. ಏಪ್ರಿಲ್ 5ರ ರಾತ್ರಿ ಹನ್ನೊಂದಕ್ಕೆ ಮುಂಚೆ ಒಂದು, ನಡುರಾತ್ರಿ ಕಳೆದ ಮೇಲೆ ಇನ್ನೊಂದು ಕಂಪನವಾಯಿತು. ಕೆಲವರು ಹೊರಗೆ ಹೋದರು. ಕೆಲವರು, ತಜ್ಞರು ಹೇಳಿದ್ದಾರಲ್ಲ ಎಂದು ಒಳಗೇ ಉಳಿದರು. ಉಳಿದವರ ಮನೆ ಅವರ ಮೇಲೆಯೇ ಕುಸಿಯಿತು. ಬದುಕಿದ ಬಂಧುಗಳು ನ್ಯಾಯಾಲಯಕ್ಕೆ ಬಂದು ಹೇಳಿದ್ದು ಇದನ್ನೇ: ಹಿಂದೆಲ್ಲ ಹೊರಗೆ ಹೋಗುತ್ತಿದ್ದೆವು, ಈ ಸಲ ಹೋಗಲಿಲ್ಲ, ಕಾರಣ ಆ ಮಾತು. ಆರೋಪ ನಿಂತದ್ದು ಈ ಸಾಕ್ಷ್ಯದ ಮೇಲೆ. ಅದಕ್ಕೇ ಎಲ್ಲ ಸಾವುಗಳನ್ನೂ ಆರೋಪಪಟ್ಟಿಗೆ ಸೇರಿಸಲಿಲ್ಲ, ಮನಸ್ಸು ಬದಲಾಯಿಸಿ ಒಳಗುಳಿದರು ಎಂದು ತೋರಿಸಬಹುದಾದ ಕೆಲವರ ಸಾವುಗಳನ್ನು ಮಾತ್ರ ಹಿಡಿದುಕೊಂಡರು.

ನ್ಯಾಯಾಧೀಶ ಮಾರ್ಕೊ ಬಿಲ್ಲಿ 2012ರ ಅಕ್ಟೋಬರ್ 22ರಂದು ಏಳು ಮಂದಿಗೂ ಆರಾರು ವರ್ಷ ಶಿಕ್ಷೆ ವಿಧಿಸಿದರು. ಆರು ವಿಜ್ಞಾನಿಗಳು, ಏಳನೆಯವರು ಆ ಅಧಿಕಾರಿ. ಸರ್ಕಾರಿ ವಕೀಲರು ಕೇಳಿದ್ದೇ ನಾಲ್ಕು ವರ್ಷ! ತೀರ್ಪಿನ ಕಾರಣಗಳು 900ಕ್ಕೂ ಹೆಚ್ಚು ಪುಟ. ಅದರ ತಿರುಳು ಹೀಗಿದೆ: ಭೂಕಂಪವನ್ನು ಮುಂಚೆ ಹೇಳಲಾಗದು ಎಂಬುದು ನನಗೂ ಗೊತ್ತು, ನೀವು ಮಾಡಬೇಕಿದ್ದದ್ದು ಅಪಾಯದ ವಿಶ್ಲೇಷಣೆ. ಊರಿನ ಚರಿತ್ರೆ, ಹಳೆಯ ಕಟ್ಟಡಗಳ ದೌರ್ಬಲ್ಯ ಎಲ್ಲ ನಿಮಗೆ ತಿಳಿದಿತ್ತು, ಅದನ್ನು ತೂಗದೆ ಮೇಲ್ಮೇಲೆ ಮಾತಾಡಿ ಎದ್ದಿರಿ, ಕಾನೂನು ಹೊರಿಸಿದ ಕೆಲಸ ಮಾಡಲಿಲ್ಲ. ಇದಕ್ಕೂ ಮುಂಚೆಯೇ, 2010ರಲ್ಲಿ, 5000ಕ್ಕೂ ಹೆಚ್ಚು ವಿಜ್ಞಾನಿಗಳು ಇಟಲಿಯ ರಾಷ್ಟ್ರಾಧ್ಯಕ್ಷರಿಗೆ ಬಹಿರಂಗ ಪತ್ರ ಬರೆದು, ಭೂಕಂಪವನ್ನು ಮುಂಚೆ ಹೇಳಲು ಸಾಧ್ಯವಿಲ್ಲ ಎಂದು ಪ್ರತಿಭಟಿಸಿದ್ದರು. ಯಾರೂ ಹೊರಿಸದ ಆರೋಪಕ್ಕೆ ಅಷ್ಟು ಜನ ಸಹಿ ಹಾಕಿ ಉತ್ತರ ಕೊಟ್ಟದ್ದು ನನಗೆ ಇಂದಿಗೂ ಸೋಜಿಗ.

2014ರ ನವೆಂಬರ್ 10ರಂದು ಮೇಲ್ಮನವಿ ನ್ಯಾಯಾಲಯ ಆರು ವಿಜ್ಞಾನಿಗಳನ್ನೂ ಬಿಡುಗಡೆ ಮಾಡಿತು. ಅವರು ಸಭೆಯಲ್ಲಿ ಆಡಿದ ಮಾತು ಆ ಹೊತ್ತಿನ ವಿಜ್ಞಾನಕ್ಕೆ ವಿರುದ್ಧವಾಗಿರಲಿಲ್ಲ, ಜನರಿಗೆ ಧೈರ್ಯ ಹೇಳಿದವರು ಅವರಲ್ಲ ಎಂಬುದು ಕಾರಣ. ಅಧಿಕಾರಿಯ ಶಿಕ್ಷೆ ಎರಡು ವರ್ಷಕ್ಕೆ ಇಳಿಯಿತು, ಅದೂ ಅಮಾನತಿನಲ್ಲಿ, ಎಂದರೆ ಜೈಲಿಗೆ ಹೋಗಬೇಕಿರಲಿಲ್ಲ. 2015ರ ನವೆಂಬರ್ 20ರಂದು ಇಟಲಿಯ ಸರ್ವೋಚ್ಚ ನ್ಯಾಯಾಲಯ ಇದನ್ನೇ ಎತ್ತಿಹಿಡಿಯಿತು.

ನನ್ನ ಅಭಿಪ್ರಾಯ ಕೇಳಿದರೆ, ಬಿಲ್ಲಿಯವರ ಶಿಕ್ಷೆ ವಿಪರೀತವಾಯಿತು, ಅವರ ಪ್ರಶ್ನೆ ಮಾತ್ರ ಸರಿಯಾಗಿತ್ತು. ಮೇಲಿನ ನ್ಯಾಯಾಲಯ ವಿಜ್ಞಾನಿಗಳನ್ನು ಬಿಟ್ಟಿತು, ಜೊತೆಗೆ ಪ್ರಶ್ನೆಯನ್ನೂ ಬಿಟ್ಟಿತು. "ಬರುವುದೇ ಇಲ್ಲ ಎನ್ನಲಾಗದು" ಎಂಬ ಅರ್ಧವಾಕ್ಯ ಆ ಕೋಣೆಯೊಳಗೆ ಉಳಿಯಿತು, "ಅಪಾಯವಿಲ್ಲ" ಎಂಬುದು ಟಿ.ವಿ.ಗೆ ಹೋಯಿತು. ಆ ಅಧಿಕಾರಿ ತಮ್ಮ ಹೆಸರಿನಲ್ಲಿ ಹೀಗೆ ಹೇಳಿದ್ದಾರೆಂದು ತಿಳಿದ ಮೇಲೆ, ಕೋಣೆಯಲ್ಲಿದ್ದ ಒಬ್ಬರಾದರೂ ಮೈಕಿನ ಮುಂದೆ ನಿಂತು ತಿದ್ದಬಹುದಿತ್ತು. ಅವರಿಗೆ ಐದು ದಿನಗಳ ಕಾಲಾವಕಾಶವಿತ್ತು.

ಉತ್ತರ: ಕಂಪನಲೇಖ

ಕರಿಕೋಟು ಅವರಿಗೆ ನಮಸ್ಕಾರ. ನಾನು ಭೂಭೌತವಿಜ್ಞಾನದವನು, ಊರು ಧಾರವಾಡ, ಕೆಲಸ ಉತ್ತರ ಭಾರತದಲ್ಲಿ. ಎರಡು ವಿಷಯ ಸೇರಿಸುತ್ತೇನೆ.

ಮೊದಲನೆಯದು, ಆ "ಶಕ್ತಿ ಬಿಡುಗಡೆ"ಯ ಮಾತು. ನಮ್ಮಲ್ಲಿಯೂ ಕಲಬುರಗಿ, ವಿಜಯಪುರದ ಕಡೆ ಸಣ್ಣ ಕಂಪನಗಳಾದಾಗ ಯಾರಾದರೊಬ್ಬರು ಇದನ್ನು ಹೇಳಿಯೇ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿ. ತೀವ್ರತೆ ಒಂದು ಅಂಕ ಏರಿದರೆ ಹೊಮ್ಮುವ ಶಕ್ತಿ ಸುಮಾರು 32 ಪಟ್ಟು. ತೀವ್ರತೆ 6ರ ಒಂದು ಭೂಕಂಪದ ಶಕ್ತಿಯನ್ನು 4ರ ಕಂಪನಗಳ ಮೂಲಕ ತೀರಿಸಬೇಕಾದರೆ ಅವು ಸುಮಾರು ಒಂದು ಸಾವಿರ ಆಗಬೇಕು. 3ರವಾದರೆ ಮೂವತ್ತು ಸಾವಿರಕ್ಕೂ ಮೇಲೆ. ಲಾಕ್ವಿಲಾದಲ್ಲಿ ಅಂಥದ್ದೇನೂ ಆಗಿರಲಿಲ್ಲ. ಆ ಹೇಳಿಕೆ ಅನಿಶ್ಚಿತ ವಿಜ್ಞಾನವಲ್ಲ, ಖಚಿತವಾಗಿ ತಪ್ಪು ವಿಜ್ಞಾನ. ಕೊನೆಗೆ ಶಿಕ್ಷೆ ಉಳಿದದ್ದು ಅದನ್ನು ಜನರ ಮುಂದೆ ಆಡಿದವರಿಗೆ ಮಾತ್ರ ಎಂಬುದನ್ನು ನೋಡಿದರೆ, ಮೇಲಿನ ನ್ಯಾಯಾಲಯ ವಿಜ್ಞಾನವನ್ನು ಅಷ್ಟು ಹಗುರವಾಗಿ ತೆಗೆದುಕೊಂಡಿತು ಎಂದು ನನಗೆ ಅನ್ನಿಸುವುದಿಲ್ಲ.

ಎರಡನೆಯದು ನಿಜವಾದ ತೊಡಕು. ಲಾಕ್ವಿಲಾ ಇರುವ ಅಪೆನೈನ್ ಪರ್ವತಗಳಲ್ಲಿ ಇಂಥ ಸರಣಿ ಕಂಪನಗಳು ಆಗಾಗ ಬರುತ್ತವೆ, ಬಹುಪಾಲು ತಾವಾಗಿಯೇ ಅಡಗುತ್ತವೆ. ಆದರೂ ಸರಣಿ ನಡೆಯುತ್ತಿರುವಾಗ ದೊಡ್ಡ ಭೂಕಂಪದ ಸಂಭವ ಮಾಮೂಲಿ ದಿನಕ್ಕಿಂತ ನೂರು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಏರಬಹುದು. ಹಾಗೆ ಏರಿದ ಮೇಲೂ ಆ ಸಂಭವ ಸಾಮಾನ್ಯವಾಗಿ ಶೇಕಡ 1ನ್ನು ಮುಟ್ಟುವುದಿಲ್ಲ. ಲಾಕ್ವಿಲಾ ನಂತರ ಇಟಲಿ ಸರ್ಕಾರ ಅಮೆರಿಕದ ಭೂಕಂಪ ವಿಜ್ಞಾನಿ ಥಾಮಸ್ ಜೋರ್ಡನ್ ಅವರ ನೇತೃತ್ವದಲ್ಲಿ ಕರೆಸಿದ ಅಂತರರಾಷ್ಟ್ರೀಯ ಸಮಿತಿಯೂ ಹೀಗೆಯೇ ವಿವರಿಸಿತು.

ಈಗ ಇದನ್ನು ಕಟಕಟೆಯಲ್ಲಿ ನಿಂತು ಹೇಳಿ ನೋಡಿ. ಸತ್ತವರ ಪರ ವಕೀಲರು "ಅಪಾಯ ನೂರು ಪಟ್ಟು ಏರಿತ್ತು, ಹೌದೋ ಅಲ್ಲವೋ?" ಎಂದು ಕೇಳುತ್ತಾರೆ. ಹೌದು. ಆರೋಪಿ ಪರ ವಕೀಲರು ಎದ್ದು "ದೊಡ್ಡ ಭೂಕಂಪ ಆಗದಿರುವ ಸಂಭವ ಶೇಕಡ 99ಕ್ಕೂ ಹೆಚ್ಚಿತ್ತು, ಹೌದೋ ಅಲ್ಲವೋ?" ಎನ್ನುತ್ತಾರೆ. ಅದಕ್ಕೂ ಹೌದು. ಎರಡೂ ಒಂದೇ ಸಂಖ್ಯೆಯ ಎರಡು ಮುಖ. ವಿಜ್ಞಾನಿ ಇಲ್ಲಿಗೆ ನಿಲ್ಲಿಸಬೇಕು. ಶೇಕಡ ಅರ್ಧದಷ್ಟು ಅಪಾಯಕ್ಕೆ ಊರು ಖಾಲಿ ಮಾಡಿಸಬೇಕೆ, ಶಾಲೆ ಮುಚ್ಚಬೇಕೆ, ಅಥವಾ ದುರ್ಬಲ ಕಟ್ಟಡದವರು ಹೊರಗೆ ಮಲಗಿದರೆ ಒಳ್ಳೆಯದು ಎಂದಷ್ಟೇ ಹೇಳಬೇಕೆ ಎಂಬುದು ನಮ್ಮ ಶಾಸ್ತ್ರದ ಪ್ರಶ್ನೆಯಲ್ಲ.

ಐದು ದಿನಗಳಲ್ಲಿ ಒಬ್ಬರಾದರೂ ತಿದ್ದಬಹುದಿತ್ತು ಎಂಬ ವಕೀಲರ ಮಾತು ಒಪ್ಪುತ್ತೇನೆ. ಆದರೆ ಸುಲ್ಮೋನಾದ ಉದಾಹರಣೆ ಕಣ್ಣೆದುರಿಗಿತ್ತು. ಎಚ್ಚರಿಕೆ ಕೊಟ್ಟವರ ಮೇಲೆ ದೂರು ಬಿದ್ದದ್ದನ್ನು ಆಗಷ್ಟೇ ನೋಡಿದ ಜನ, ಮೈಕಿನ ಮುಂದೆ "ಆದರೂ..." ಎಂದು ಶುರುಮಾಡುವುದು ಅಷ್ಟು ಸುಲಭವೇ?

ಬೆಟ್ಟದಬದಿ

ಇಬ್ಬರಿಗೂ ಧನ್ಯವಾದ. ನೂರು ಪಟ್ಟು ಮತ್ತು ಶೇಕಡ ಒಂದರ ಆ ಜೋಡಿಯನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನಮ್ಮ ಮಳೆಗಾಲದ ಲೆಕ್ಕವೂ ಬಹುತೇಕ ಹೀಗೆಯೇ.

ಕರಿಕೋಟು ಸರ್, ನಾನು ಸಾಮಾನ್ಯವಾಗಿ ಬರೆಯುವ ಸಾಲು ಇದು. ಈ ಕಸುಬಿನಲ್ಲಿ ಹಲವರು ಬರೆಯುವುದೂ ಇದನ್ನೇ:

"ಸದರಿ ಜಾಗವು ಕಟ್ಟಡ ನಿರ್ಮಾಣಕ್ಕೆ ಯೋಗ್ಯವಾಗಿದ್ದು, ಭೂಕುಸಿತದ ಸಂಭವ ಕಡಿಮೆ ಇರುತ್ತದೆ."

ನಾಳೆ ಏನಾದರೂ ಆಗಿ ನಾನು ಸಾಕ್ಷಿ ಕಟ್ಟೆ ಹತ್ತಿದರೆ, ನೀವು ಎದುರು ಪಕ್ಷದ ವಕೀಲರಾಗಿದ್ದರೆ, ಈ ಸಾಲನ್ನು ಏನು ಮಾಡುತ್ತಿದ್ದಿರಿ? ದಾಕ್ಷಿಣ್ಯ ಬೇಡ.

ಉತ್ತರ: ಕರಿಕೋಟು

ದಾಕ್ಷಿಣ್ಯ ಬೇಡ ಎಂದಿದ್ದೀರಿ, ಹಾಗಾದರೆ ಕೇಳಿ. ಕಡಿಮೆ ಎಂದರೆ ಎಷ್ಟು? ಯಾವುದಕ್ಕಿಂತ ಕಡಿಮೆ, ಪಕ್ಕದ ಜಾಗಕ್ಕಿಂತಲೋ, ಮೈಸೂರಿಗಿಂತಲೋ? ಎಷ್ಟು ವರ್ಷದ ಮಾತು? ಕೊರೆದದ್ದು ಎಷ್ಟು ಕಡೆ, ಎಷ್ಟು ಆಳ? ಮೇಲ್ಬದಿ ನೋಡಿದ್ದೀರಾ? ನೋಡಿಲ್ಲವೆಂದು ವರದಿಯಲ್ಲಿ ಎಲ್ಲಿ ಬರೆದಿದ್ದೀರಿ? ಜಾಗ ನೋಡಿದ್ದು ಯಾವ ತಿಂಗಳು? ಫೆಬ್ರವರಿಯೇ? ಸಂತೋಷ, ಇನ್ನೇನೂ ಕೇಳುವುದಿಲ್ಲ, ಹೋಗಬಹುದು. ಐದು ನಿಮಿಷದ ಕೆಲಸ.

ಒಂದು ಹಳೆಯ ದಾವೆ ನೆನಪಾಗುತ್ತದೆ. ಕೆರೆ ಏರಿ ಒಡೆದು ಕೆಳಗಿನ ಅಡಿಕೆ ತೋಟಗಳು ಕೊಚ್ಚಿಹೋಗಿದ್ದವು, ನಾನು ತೋಟದವರ ಪರ. ಎದುರು ಕಡೆಯ ತಜ್ಞರು ಬಂದು, ಅದು ಹಿಂದೆಂದೂ ಕಾಣದ ಮಳೆ, ದೇವರ ಕೃತ್ಯ ಎಂದು ಸಾಕ್ಷ್ಯ ನುಡಿದರು. ಮಳೆ ಎಷ್ಟು ಮಿಲಿಮೀಟರ್ ಎಂದು ಕೇಳಿದೆ, ಹೇಳಿದರು. ಅಳೆದದ್ದು ಎಲ್ಲಿ ಎಂದು ಕೇಳಿದೆ. ತಾಲ್ಲೂಕು ಕೇಂದ್ರದ ಮಳೆಮಾಪಕದಲ್ಲಿ. ಆ ಮಾಪಕಕ್ಕೂ ಕೆರೆಗೂ ನಡುವೆ ಒಂದು ಘಟ್ಟವೇ ಇತ್ತು! ನ್ಯಾಯಾಧೀಶರು ಕನ್ನಡಕ ತೆಗೆದು ಅವರನ್ನೇ ನೋಡಿದರು. ತಜ್ಞರ ತೀರ್ಮಾನ ಸರಿಯೇ ಇದ್ದಿರಬಹುದು. ಆದರೆ ಅದಕ್ಕೆ ಕಾಲಿರಲಿಲ್ಲ.

ಕಾನೂನು ಕೇಳುವುದೂ ಈ ಕಾಲನ್ನೇ. ಹಿಂದಿನ ಸಾಕ್ಷ್ಯ ಅಧಿನಿಯಮದ 45ನೇ ಪ್ರಕರಣ, ಈಗ 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಪ್ರಕರಣ, ತಜ್ಞರ ಅಭಿಪ್ರಾಯಕ್ಕೆ ಬಾಗಿಲು ತೆರೆಯುತ್ತದೆ ಅಷ್ಟೆ. ಅದನ್ನು ನಂಬಲೇಬೇಕೆಂದು ಎಲ್ಲಿಯೂ ಇಲ್ಲ. 1999ರಲ್ಲಿ ಹಿಮಾಚಲ ಪ್ರದೇಶದ ಜೈ ಲಾಲ್ ಪ್ರಕರಣದಲ್ಲಿ, ಸೇಬಿನ ತೋಟಗಳು ಎಷ್ಟು ಫಸಲು ಕೊಟ್ಟಿರಬಹುದೆಂಬ ತಜ್ಞರ ಅಂದಾಜು ಸುಪ್ರೀಂ ಕೋರ್ಟ್ ಮುಂದೆ ಬಂದಿತ್ತು. ತಜ್ಞನ ಕೆಲಸ ತೀರ್ಮಾನ ಕೊಡುವುದಲ್ಲ, ಆ ತೀರ್ಮಾನವನ್ನು ಪರೀಕ್ಷಿಸಲು ಬೇಕಾದ ಶಾಸ್ತ್ರದ ಅಳತೆಗೋಲನ್ನು ನ್ಯಾಯಾಧೀಶನ ಕೈಗೆ ಕೊಡುವುದು ಎಂದು ನ್ಯಾಯಾಲಯ ಹೇಳಿತು. ಸೇಬಿಗೆ ಸಲ್ಲುವುದು ಗುಡ್ಡಕ್ಕೂ ಸಲ್ಲುತ್ತದೆ.

ಜೈಲಿನ ಭಯ ಸ್ವಲ್ಪ ಇಳಿಸಿಕೊಳ್ಳಿ. 2005ರ ಜೇಕಬ್ ಮ್ಯಾಥ್ಯೂ ತೀರ್ಪು ವೈದ್ಯರ ಕುರಿತದ್ದು. ವೃತ್ತಿಪರರ ನಿರ್ಲಕ್ಷ್ಯಕ್ಕೆ ಕ್ರಿಮಿನಲ್ ಶಿಕ್ಷೆಯಾಗಬೇಕಾದರೆ ಅದು ಘೋರ ನಿರ್ಲಕ್ಷ್ಯವಾಗಿರಬೇಕು, ನಿರ್ಣಯದಲ್ಲಿ ಆಗುವ ಸಾಮಾನ್ಯ ತಪ್ಪು ಸಾಲದು ಎಂದಿತು. ನೀವೂ ಅದರ ನೆರಳಿನಲ್ಲಿ ನಿಲ್ಲಬಹುದು. ಆದರೆ ಲಾಕ್ವಿಲಾದಲ್ಲಿಯೇ ಇನ್ನೊಂದು ಮೊಕದ್ದಮೆ ನಡೆಯಿತು, ಅದರ ಬಗ್ಗೆ ಯಾವ ವಿಜ್ಞಾನಿಯೂ ಪತ್ರ ಬರೆಯಲಿಲ್ಲ. ವಿದ್ಯಾರ್ಥಿ ನಿಲಯ ಕುಸಿದು ಎಂಟು ವಿದ್ಯಾರ್ಥಿಗಳು ಸತ್ತಿದ್ದರು. ಆ ಕಟ್ಟಡದ ದುರಸ್ತಿಯಲ್ಲಿ ಕೈಯಿದ್ದ ತಂತ್ರಜ್ಞರಿಗೆ 2013ರಲ್ಲಿ ಶಿಕ್ಷೆಯಾಯಿತು. ಅಲ್ಲಿ ಭೂಕಂಪ ಯಾವಾಗ ಬರುತ್ತದೆಂಬ ಪ್ರಶ್ನೆ ಏಳಲೇ ಇಲ್ಲ. ಕಂಬ ನೋಡಬೇಕಾದವರು ಕಂಬ ನೋಡಿದರೇ? ಇಂಜಿನಿಯರಾದ ನೀವು ಓದಿಕೊಳ್ಳಬೇಕಾದದ್ದು ಈ ಪ್ರಕರಣ.

ಇನ್ನು "ನಮ್ಮಲ್ಲಿ" ಎಂದು ಕೇಳಿದ್ದಿರಲ್ಲ. ನಮ್ಮ ದೊಡ್ಡ ಪ್ರಕರಣಗಳು ಆದ ಸಾವಿನ ಲೆಕ್ಕದವಲ್ಲ, ಆಗಬಹುದಾದ ಸಾವಿನವು. ತೆಹ್ರಿಯನ್ನು ನೋಡಿ. 260 ಮೀಟರ್ ಮೀರಿದ ಅಣೆಕಟ್ಟು, ಹಿಮಾಲಯದ ಭೂಕಂಪ ವಲಯದಲ್ಲಿ. ವಿನ್ಯಾಸಕ್ಕೆ ಹಿಡಿದ ಅಲುಗಾಟಕ್ಕಿಂತ ಹೆಚ್ಚಿನದು ಬರಬಹುದೆಂದು ವಿ. ಕೆ. ಗೌರ್ ಅವರಂಥ ಭೂಭೌತವಿಜ್ಞಾನಿಗಳು ಹೇಳಿದರು, ಸಾಕಷ್ಟು ಗಟ್ಟಿಯಾಗಿದೆ ಎಂದು ಸರ್ಕಾರದ ಕಡೆಯವರು ಹೇಳಿದರು. 1990ರಲ್ಲಿ ಸುಪ್ರೀಂ ಕೋರ್ಟ್, ಇದನ್ನು ತೀರ್ಮಾನಿಸುವ ಪರಿಣತಿ ನಮಗಿಲ್ಲ, ಸರ್ಕಾರ ಗಮನ ಕೊಟ್ಟಿದೆಯೇ ಎಂಬುದನ್ನಷ್ಟೇ ನೋಡುತ್ತೇವೆ ಎಂದಿತು. ಮರುವರ್ಷವೇ ಉತ್ತರಕಾಶಿಯಲ್ಲಿ ಭೂಕಂಪವಾಯಿತು. 2003ರಲ್ಲಿ ವಿಷಯ ಮತ್ತೆ ಬಂದಾಗ ನಮ್ಮ ಬೆಂಗಳೂರಿನವರೇ ಆದ ನ್ಯಾಯಮೂರ್ತಿ ರಾಜೇಂದ್ರ ಬಾಬು ಅವರ ಬಹುಮತದ ತೀರ್ಪು ಹಿಂದಿನ ದಾರಿಯಲ್ಲೇ ನಡೆಯಿತು. ನ್ಯಾಯಮೂರ್ತಿ ಧರ್ಮಾಧಿಕಾರಿ ಭಿನ್ನ ದನಿ ಎತ್ತಿ, ಸುರಕ್ಷತೆಯ ಇನ್ನಷ್ಟು ಪರೀಕ್ಷೆ ಆಗಲಿ ಎಂದರು. ಸೋತ ಅಭಿಪ್ರಾಯ, ಆದರೆ ನನಗೆ ಹಿಡಿಸುವುದು ಅದೇ. ಪರಿಣತಿ ಇಲ್ಲವೆನ್ನುವ ನ್ಯಾಯಾಲಯಕ್ಕೆ "ಇನ್ನೊಮ್ಮೆ ಅಳೆದು ಬನ್ನಿ" ಎನ್ನುವ ಅಧಿಕಾರವಂತೂ ಇದೆಯಲ್ಲ.

1999ರ ಇನ್ನೊಂದು ತೀರ್ಪಿದೆ, ಹೈದರಾಬಾದಿನ ಕುಡಿಯುವ ನೀರಿನ ಕೆರೆಗಳ ಹತ್ತಿರ ಕಾರ್ಖಾನೆ ಬೇಕೋ ಬೇಡವೋ ಎಂಬುದು. ನ್ಯಾಯಮೂರ್ತಿ ಜಗನ್ನಾಥ ರಾವ್, ವಿಜ್ಞಾನ ಖಚಿತವಿಲ್ಲದಾಗ ಹಾನಿಯಿಲ್ಲವೆಂದು ರುಜುವಾತು ಮಾಡುವ ಹೊಣೆ ಯೋಜನೆ ತರುವವನದು ಎಂದು ವಿಸ್ತಾರವಾಗಿ ಬರೆದರು. ಪರಿಸರದ ವ್ಯಾಜ್ಯಗಳಿಗೆ ವಿಜ್ಞಾನ ಬಲ್ಲವರೂ ಕೂರುವ ಪೀಠ ಬೇಕೆಂದರು. 2010ರ ಹಸಿರು ನ್ಯಾಯಮಂಡಳಿಯ ಬೇರು ಅಲ್ಲಿಯೂ ಇದೆ.

ನಿಮ್ಮ ಸಾಲಿಗೆ ಬರುತ್ತೇನೆ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ, ಅಳತೆಗಳನ್ನು ನೀವು ತುಂಬಿಕೊಳ್ಳಿ:

"ಜಾಗದ ಕೆಳಬದಿಯಲ್ಲಿ ಎರಡು ಕಡೆ ಇಂತಿಷ್ಟು ಆಳದವರೆಗೆ ಕೊರೆದು ನೋಡಿದ್ದೇನೆ. ಮೇಲ್ಬದಿ ಬೇರೆಯವರ ಹಿಡುವಳಿಯಾದ ಕಾರಣ ಅಲ್ಲಿ ಕೊರೆದಿಲ್ಲ, ಅಲ್ಲಿನ ಮಣ್ಣಿನ ಬಗ್ಗೆ ಈ ವರದಿ ಏನನ್ನೂ ಹೇಳುವುದಿಲ್ಲ. ನೋಡಿದ ದಿನಾಂಕದಂದು ಬಿರುಕು, ಒಸರು, ವಾಲಿದ ಮರ ಕಂಡಿಲ್ಲ. ಬರೆಯನ್ನು ಈಗಿರುವ ಎತ್ತರಕ್ಕಿಂತ ಹೆಚ್ಚು ಕಡಿಯದೆ, ಮೇಲಿನ ಚರಂಡಿಯ ದಿಕ್ಕು ಬದಲಿಸದೆ ಇದ್ದರೆ ಮಾತ್ರ ಒಂದು ಅಂತಸ್ತಿನ ಕಟ್ಟಡಕ್ಕೆ ಅಡ್ಡಿ ಕಾಣುವುದಿಲ್ಲ. ಬಿರುಕು ಅಥವಾ ಹೊಸ ಒಸರು ಕಂಡ ದಿನವೇ ಮನೆ ಖಾಲಿ ಮಾಡಿ ಮರುಪರಿಶೀಲನೆ ಮಾಡಿಸಬೇಕು."

"ಸುರಕ್ಷಿತ" ಎಂಬ ಪದ ಬೇಡವೇ ಬೇಡ. ಆ ಪದವನ್ನು ಕಿತ್ತುಕೊಂಡು ಹೋಗಿ ಮೈಕಿನ ಮುಂದೆ ಹೇಳುವವರು ಎಲ್ಲ ಊರಿನಲ್ಲೂ ಇದ್ದಾರೆ.

ಉತ್ತರ: ಘಟ್ಟದಾಚೆ

ಕೊಚ್ಚಿಯಲ್ಲಿ ಕೆಲಸದಲ್ಲಿರುವ ಕನ್ನಡಿಗ. ಮುಲ್ಲಪೆರಿಯಾರ್ ಹೆಸರು ಬರಲಿಲ್ಲವಲ್ಲ ಎಂದು ಬರೆಯುತ್ತಿದ್ದೇನೆ.

1895ರ ಅಣೆಕಟ್ಟು, ಸುಣ್ಣ ಸುರ್ಕಿಯ (ಇಟ್ಟಿಗೆ ಪುಡಿಯ) ಗಾರೆಯ ಕಟ್ಟಡ. ಇರುವುದು ಕೇರಳದಲ್ಲಿ, ನಡೆಸುವುದು ತಮಿಳುನಾಡು. 2006ರಲ್ಲಿ ಸುಪ್ರೀಂ ಕೋರ್ಟ್ ನೀರಿನ ಮಟ್ಟವನ್ನು 136 ಅಡಿಯಿಂದ 142ಕ್ಕೆ ಏರಿಸಲು ಬಿಟ್ಟಿತು. ಕೇರಳ ಕೆಲವೇ ವಾರಗಳಲ್ಲಿ ಕಾನೂನು ತಿದ್ದಿ ಮಟ್ಟವನ್ನು 136ಕ್ಕೆ ಕಟ್ಟಿಹಾಕಿತು. ರೂರ್ಕಿ ಐಐಟಿಯ ಅಧ್ಯಯನ ಮುಂದಿಟ್ಟು, ದೊಡ್ಡ ಭೂಕಂಪವಾದರೆ ಅಣೆಕಟ್ಟು ತಾಳದು ಎಂದು ವಾದಿಸಿತು. ಆಗ ನ್ಯಾಯಾಲಯ ತೆಹ್ರಿಯಲ್ಲಿ ಮಾಡಿದಂತೆ ಕೈಕಟ್ಟಿ ಕೂರಲಿಲ್ಲ. ನಿವೃತ್ತ ಮುಖ್ಯ ನ್ಯಾಯಮೂರ್ತಿ ಎ. ಎಸ್. ಆನಂದ್ ಅವರ ನೇತೃತ್ವದಲ್ಲಿ ತನ್ನದೇ ಸಮಿತಿ ಮಾಡಿ ಪರೀಕ್ಷೆಗಳನ್ನು ಮಾಡಿಸಿತು. ಅಣೆಕಟ್ಟು ಗಟ್ಟಿ ಎಂಬ ಸಮಿತಿಯ ಮಾತನ್ನು ಒಪ್ಪಿ, 2014ರ ಮೇ 7ರಂದು ಐವರ ಸಂವಿಧಾನ ಪೀಠ ಕೇರಳದ ಕಾನೂನನ್ನೇ ಹೊಡೆದುಹಾಕಿತು. ಸುರಕ್ಷತೆ ಒಮ್ಮೆ ತೀರ್ಮಾನವಾದ ವಾಸ್ತವಾಂಶ, ಶಾಸನಸಭೆ ಅದನ್ನು ಕಾನೂನಿನಿಂದ ಅಳಿಸಲಾಗದು ಎಂಬುದು ಕಾರಣ.

ಇಲ್ಲಿಯೇ ನನಗೆ ಕಸಿವಿಸಿ. ಇಷ್ಟು ಹಳೆಯ ಕಟ್ಟಡದ ಸುರಕ್ಷತೆ ಆಸ್ತಿಯ ಹಕ್ಕಿನಂತೆ ಒಮ್ಮೆ ಇತ್ಯರ್ಥವಾಗಿ ಮುಗಿಯುವ ವಿಷಯವೇ? 2018ರ ಆಗಸ್ಟ್ ಪ್ರವಾಹದಲ್ಲಿ ಅದೇ ನ್ಯಾಯಾಲಯವೇ ತಾತ್ಕಾಲಿಕವಾಗಿ ಮಟ್ಟವನ್ನು 142ಕ್ಕಿಂತ ಕೆಳಗಿಡಿ ಎನ್ನಬೇಕಾಯಿತು. ಕರಿಕೋಟು ಅವರ ಕರಡಿನಲ್ಲಿರುವ "ಮರುಪರಿಶೀಲನೆ" ಎಂಬ ಮಾತು ತೀರ್ಪುಗಳಲ್ಲೂ ಇರಬೇಕಿತ್ತು.

ಉತ್ತರ: ಕರಿಕೋಟು

ಘಟ್ಟದಾಚೆಯವರೇ, ನಿಮ್ಮ ಕಸಿವಿಸಿ ನ್ಯಾಯವಾದದ್ದೇ. ವ್ಯಾಜ್ಯಕ್ಕೆ ಕೊನೆ ಬೇಕು ಎಂಬುದು ನಮ್ಮ ಕಸುಬಿನ ಮೂಲಮಂತ್ರ, ಬಂಡೆಗೂ ಸುರ್ಕಿಗೂ ಆ ಮಂತ್ರ ತಿಳಿಯದು. ಆದರೆ ಕೇರಳ ಹೊಸ ಅಳತೆ ಹಿಡಿದು ನ್ಯಾಯಾಲಯಕ್ಕೇ ಮರಳಬಹುದಿತ್ತು. ಅದನ್ನು ಬಿಟ್ಟು ಶಾಸನಸಭೆಯಲ್ಲಿ ಕೈ ಎತ್ತಿಸಿ ಅಣೆಕಟ್ಟನ್ನು ದುರ್ಬಲವೆಂದು ಘೋಷಿಸಿತು. ಪೀಠಕ್ಕೆ ಸಿಟ್ಟು ಬಂದದ್ದು ಅದಕ್ಕೆ. ಉಸ್ತುವಾರಿಗೆ ಒಂದು ಸಮಿತಿಯನ್ನೂ ಅದೇ ತೀರ್ಪು ಮಾಡಿತ್ತು ಎಂಬುದನ್ನು ಮರೆಯಬೇಡಿ.

ಬೆಟ್ಟದಬದಿ

ಕರಡನ್ನು ನನ್ನ ಅಳತೆಗಳೊಂದಿಗೆ ತುಂಬಿ, ಮೊನ್ನೆಯ ಆ ಗ್ರಾಹಕರಿಗೇ ಕೊಟ್ಟೆ. ಓದಿ, "ಇಷ್ಟುದ್ದ ಯಾಕೆ ಮೇಡಂ, ಸಾಲ ಕೊಡುವವರು ಹೆದರುತ್ತಾರೆ, ಹಳೆಯ ಸಾಲನ್ನೇ ಹಾಕಿ" ಎಂದರು. ಆಗುವುದಿಲ್ಲ ಎಂದೆ. ಪೇಟೆಯಲ್ಲಿ ಇನ್ನೊಬ್ಬರ ಹತ್ತಿರ ಬರೆಸಿಕೊಳ್ಳುತ್ತೇನೆಂದು ಹೋದರು. ಅರ್ಧ ಶುಲ್ಕ ಮುಂಗಡ ಬಂದಿತ್ತು, ಉಳಿದದ್ದು ಬರುವ ಲಕ್ಷಣವಿಲ್ಲ. ಈಗ ನಾನು ಬರೆದ ವರದಿಯನ್ನು ಏನು ಮಾಡಲಿ ಸರ್?

ಉತ್ತರ: ಕರಿಕೋಟು

ಸ್ವೀಕೃತಿ ಸಿಗುವಂತೆ ಸ್ಪೀಡ್ ಪೋಸ್ಟಿನಲ್ಲಿ ಅವರ ವಿಳಾಸಕ್ಕೆ ಕಳಿಸಿ, ಜೊತೆಗೆ ಬಾಕಿ ಶುಲ್ಕದ ಬಿಲ್ಲನ್ನೂ ಇಡಿ. ಸ್ವೀಕೃತಿ ಚೀಟಿ, ಕೊರೆದ ಮಣ್ಣಿನ ದಾಖಲೆ, ದಿನಾಂಕವಿರುವ ಫೋಟೊ ಮೂರನ್ನೂ ಒಂದೇ ಕಡತದಲ್ಲಿ ಹಾಕಿಡಿ. ಇನ್ನೊಬ್ಬರು ಬರೆಯುವ ಸಾಲು ಅವರ ಹೊಣೆ.